ಹಾಕು, ಸಾಕು

ಹಳೇ ಡೀಸೆಲ್ ಕಾರು ಇಟ್ಟುಕೊಂಡವನನ್ನು ಕಂಡರೆ ಜನಕ್ಕೆ ಎರಡು ಪ್ರಶ್ನೆ ತಡೆಯಲಾಗುವುದಿಲ್ಲ. ಒಂದು, “ಮೈಲೇಜ್ ಎಷ್ಟು ಕೊಡುತ್ತೆ?” ಇನ್ನೊಂದು, “ಯಾವಾಗ ಕೊಡ್ತೀರಾ?” ಮೊದಲನೆಯದಕ್ಕೆ ನನ್ನಲ್ಲಿ ಉತ್ತರವಿಲ್ಲ. ಮೈಲೇಜಿನ ಲೆಕ್ಕ ಸಿಗಬೇಕಾದರೆ ಕಾರು ಮೈಲಿಗಟ್ಟಲೆ ಓಡಬೇಕು. ನಮ್ಮದು ಬಹುಪಾಲು ಮನೆ ಮುಂದೆ ಬಾನೆಟ್ ತೆರೆದುಕೊಂಡು ನಿಂತಿರುತ್ತದೆ; ಒಳಗೆ ಸೊಂಟದವರೆಗೆ ನಾನಿರುತ್ತೇನೆ. ಎರಡನೆಯದಕ್ಕೆ ಉತ್ತರವಿದೆ, ಹೇಳಿದರೆ ಸ್ನೇಹ ಕೆಡುತ್ತದೆ.

ಕಾರು ಅಂಬಾಸಿಡರ್. ಬಿಳಿ. 1489 ಸಿಸಿ ಡೀಸೆಲ್. ಯಾವುದೋ ಸರ್ಕಾರಿ ಇಲಾಖೆಯ ಹರಾಜಿನಲ್ಲಿ ಕೊಂಡದ್ದು. ಯಾಕೆ ಕೊಂಡೆ, ಎಷ್ಟಕ್ಕೆ ಕೊಂಡೆ, ಮನೆಯಲ್ಲಿ ಏನೆಂದು ಹೇಳಿದೆ ಎಂಬುದೆಲ್ಲ ಬೇರೆ ಪುರಾಣ. ಅದನ್ನು ಹೆತ್ತ ಉತ್ತರಪಾರಾ ಕಾರ್ಖಾನೆ 2014ರಲ್ಲೇ ಕೆಲಸ ನಿಲ್ಲಿಸಿತು. 2017ರ ಮೇ ತಿಂಗಳಲ್ಲಿ ದೇಶದ ಸಾಹೇಬರುಗಳ ತಲೆಯ ಮೇಲಿನ ಕೆಂಪು ದೀಪಗಳೂ ಇಳಿದವು. ದೀಪ ಹೋಯಿತು, ಅದರ ವೈರು ಇಳಿಸಲು ಕೊರೆದ ತೂತು ಉಳಿಯಿತು. ಮಳೆ ಬಂದರೆ ನೇರ ನನ್ನ ನೆತ್ತಿಗೇ ಅಭಿಷೇಕ. ಅಧಿಕಾರದ ಗುರುತು ಎಂದುಕೊಂಡು ಮುಚ್ಚಿಸದೆ ಬಿಟ್ಟಿದ್ದೇನೆ.

ಡೀಸೆಲ್ ಎಂಜಿನ್ನಿನ ಮೇಲೆ ನನಗೆ ಮೋಹ ಹುಟ್ಟಿದ್ದು ಅದರ ಬಡತನ ಕಂಡು. ಸ್ಪಾರ್ಕ್ ಪ್ಲಗ್ಗಿಲ್ಲ, ಕಾರ್ಬ್ಯುರೇಟರ್ ಇಲ್ಲ, ಡಿಸ್ಟ್ರಿಬ್ಯೂಟರ್ ಇಲ್ಲ. ಗಾಳಿ ಎಳೆದುಕೋ, ಇಪ್ಪತ್ತು ಪಾಲಿಗೂ ಮೇಲೆ ಹಿಂಡು, ಹಿಂಡಿದ ಬಿಸಿಗೆ 500 ಡಿಗ್ರಿ ದಾಟಿದ ಆ ಗಾಳಿಗೆ ಚಿಟಿಕೆ ಡೀಸೆಲ್ ಸಿಂಪಡಿಸು, ತಾನಾಗಿ ಹೊತ್ತಿಕೊಳ್ಳುತ್ತದೆ. ಇಷ್ಟೇ ತಾನೇ, ಇದಕ್ಕೆ ಗ್ಯಾರೇಜು ಯಾಕೆ, ಅನ್ನಿಸುತ್ತದೆ. ರುಡಾಲ್ಫ್ ಡೀಸೆಲ್‌ಗೂ ಇಷ್ಟೇ ತಾನೇ ಅನ್ನಿಸಿರಬೇಕು. 1893ರಲ್ಲಿ ಆಗ್ಸ್‌ಬರ್ಗಿನಲ್ಲಿ ಮೊದಲ ಎಂಜಿನ್ನನ್ನು ಪರೀಕ್ಷೆಗಿಟ್ಟಾಗ ಒತ್ತಡ ಅಳೆಯುವ ಉಪಕರಣವೇ ಸಿಡಿದು ಹಾರಿ, ಮನುಷ್ಯ ಉಳಿದದ್ದೇ ಹೆಚ್ಚಾಯಿತು. 1897ಕ್ಕೆ ಎಂಜಿನ್ನು ಲಕ್ಷಣವಾಗಿ ಓಡಿತು. 1913ರ ಸೆಪ್ಟೆಂಬರಿನ ಒಂದು ರಾತ್ರಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಆತ ಕಾಣೆಯಾದ. ಸಾಲದ ಕಾಟ ಅನ್ನುವವರಿದ್ದಾರೆ, ಕೊಲೆ ಅನ್ನುವವರಿದ್ದಾರೆ. ನನ್ನ ಹೆಂಡತಿಗೆ ಮಾತ್ರ ಸಂಶಯವೇ ಇಲ್ಲ: “ಅವತ್ತೂ ಏರ್ ಹಿಡಿದಿರುತ್ತೆ.”

ಏರ್ ಹಿಡಿಯುವುದು ಎಂದರೇನೆಂದು ಗೊತ್ತಿಲ್ಲದವರು ಪುಣ್ಯವಂತರು. ಗಾಳಿಯನ್ನೇ ಉಂಡು ಬದುಕುವ ಈ ಎಂಜಿನ್ನಿಗೆ ಡೀಸೆಲ್ ಬರುವ ಕೊಳವೆಯಲ್ಲಿ ಮಾತ್ರ ಗಾಳಿಯ ಒಂದು ಗುಳ್ಳೆಯೂ ಆಗದು. ಫಿಲ್ಟರ್ ಬದಲಿಸಿದಿರೋ, ಟ್ಯಾಂಕು ಬರಿದು ಮಾಡಿದಿರೋ, ಎಲ್ಲೋ ಒಂದು ವಾಷರ್ ಸವೆಯಿತೋ, ಗುಳ್ಳೆ ಒಳಗೆ ಕೂತಿತು. ಪಂಪು ತಳ್ಳಿದ ಒತ್ತಡವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದಕ್ಕೇ ಖರ್ಚಾಗಿ ನಾಜಲ್ ಬಾಯಿ ತೆರೆಯುವಷ್ಟು ಉಳಿಯುವುದೇ ಇಲ್ಲ. ಸೆಲ್ಫ್ ಹೊಡೆದಷ್ಟೂ ಸಾಯುವುದು ಬ್ಯಾಟರಿ.

ಏರ್ ತೆಗೆಯುವುದಕ್ಕೆ ಒಂದು ವಿಧಿಯಿದೆ. ಫಿಲ್ಟರಿನ ತಲೆಯ ಮೇಲಿನ ಸ್ಕ್ರೂ ಸಡಿಲಿಸಿ ಫೀಡ್ ಪಂಪಿನ ಪುಟ್ಟ ಲಿವರ್ ಒತ್ತುತ್ತಾ ಹೋಗಬೇಕು. ಮೊದಲು ನೊರೆ ಬರುತ್ತದೆ. ನೊರೆ ನಿಂತು ತಿಳಿ ಡೀಸೆಲ್ ಬಂದಾಗ ಬಿಗಿ ಮಾಡಬೇಕು. (ಎಷ್ಟು ಒತ್ತಿದರೂ ಏನೂ ಬಾರದಿದ್ದರೆ ಕ್ಯಾಮಿನ ಉಬ್ಬು ಪಂಪಿನ ಕಾಲು ಮೆಟ್ಟಿಕೊಂಡು ನಿಂತಿದೆ ಎಂದರ್ಥ. ಎಂಜಿನ್ನನ್ನು ತುಸು ತಿರುಗಿಸಿ ಮತ್ತೆ ಒತ್ತಬೇಕು. ಇದು ಗೊತ್ತಿಲ್ಲದೆ ಹೆಬ್ಬೆರಳು ಸವೆಸಿಕೊಂಡವರ ಸಂಘ ಕಟ್ಟಿದರೆ ಅಧ್ಯಕ್ಷಗಿರಿಗೆ ನನಗೆ ಪ್ರತಿಸ್ಪರ್ಧಿಗಳಿಲ್ಲ.) ಆಮೇಲೆ ಪಂಪಿನ ಸ್ಕ್ರೂ. ಕೊನೆಗೆ ನಾಜಲ್ ಪೈಪುಗಳ ನಟ್ಟು ಸಡಿಲಿಸಿಟ್ಟು, ಯಾರಾದರೂ ಒಳಗೆ ಕೂತು ಸೆಲ್ಫ್ ಹಾಕಬೇಕು. ನಟ್ಟಿನ ಸಂದಿಯಲ್ಲಿ ಡೀಸೆಲ್ ಜಿನುಗಿದ ತಕ್ಷಣ ಸೆಲ್ಫ್ ಬಿಡಬೇಕು, ನಾನು ಬಿಗಿ ಮಾಡಬೇಕು.

ಆ ‘ಯಾರಾದರೂ’ ನನ್ನ ಹೆಂಡತಿ.

ಬಾನೆಟ್ ಎದ್ದು ನಿಂತಿರುವುದರಿಂದ ಅವಳಿಗೆ ನಾನು ಕಾಣುವುದಿಲ್ಲ, ನನಗೆ ಅವಳು ಕಾಣುವುದಿಲ್ಲ. ದಾಂಪತ್ಯವೆಲ್ಲ ಕಿವಿಯ ಮೇಲೆ ನಡೆಯಬೇಕು. ನಾನು “ಹಾಕು” ಅಂದರೆ ಕೀ ತಿರುಗಿಸಬೇಕು, “ಸಾಕು” ಅಂದರೆ ಬಿಡಬೇಕು. ಒಪ್ಪಂದದಲ್ಲಿ ಯಾವ ದೋಷವೂ ಕಾಣಲಿಲ್ಲ. “ಹಾಕು” ಅಂದೆ. ಸೆಲ್ಫ್ ಗರಗರ ಅಂದಿತು. ಮೊದಲ ನಟ್ಟಿನಲ್ಲಿ ಡೀಸೆಲ್ ಜಿನುಗಿತು. “ಸಾಕು!” ಅಂದೆ. ಆ ಗದ್ದಲದಲ್ಲಿ ಅವಳ ಕಿವಿಗೆ ಬಿದ್ದದ್ದು ‘ಆಕು’ ಅಷ್ಟೇ. ಮೊದಲೇ ಕರ್ತವ್ಯನಿಷ್ಠೆ, ಇನ್ನೂ ಒತ್ತಿ ತಿರುಗಿಸಿದಳು. “ಸಾಕು ಸಾಕು ಸಾಕು!” ಗಂಡ ಇಷ್ಟು ಹುರುಪಿನಿಂದ ಹಾಕು ಅನ್ನುತ್ತಿರುವಾಗ ಬಿಡುವುದು ಹೇಗೆ? ನಾಲ್ಕೂ ನಟ್ಟುಗಳು ಸರದಿಯ ಮೇಲೆ ಉಗುಳತೊಡಗಿದವು. ಬನಿಯನ್ನು, ಕನ್ನಡಕ, ಉಪದೇಶ ಮಾಡಲು ಬಗ್ಗಿದ್ದ ಪಕ್ಕದ ಮನೆಯವರ ಇಸ್ತ್ರಿ ಪಂಚೆ, ಯಾವುದೂ ಉಳಿಯಲಿಲ್ಲ.

ಭಾಷಾ ಸುಧಾರಣೆ ಆರಂಭವಾಯಿತು. ಮಗ ಇಂಗ್ಲಿಷಿಗೆ ಹೋಗೋಣ ಅಂದ: ‘ಸ್ಟಾರ್ಟ್’ ಮತ್ತು ‘ಸ್ಟಾಪ್’. ಅವಳಿಗೆ ಎರಡು ಸಲವೂ ‘ಸ್ಟಾ’ ಕೇಳಿಸಿತು; ಉಳಿದದ್ದನ್ನು ತನ್ನ ವಿವೇಚನೆಯಿಂದ ತುಂಬಿಕೊಂಡಳು. ‘ಹೂಂ’, ‘ಉಹೂಂ’ ಇಟ್ಟುಕೊಂಡೆವು. ಅದರ ಗತಿ ಹೇಳಬೇಕಾಗಿಲ್ಲ. ಫೋನ್ ಮಾಡಿ ಸ್ಪೀಕರಿನಲ್ಲಿಟ್ಟೆವು. ನಾನು ಸಾಕು ಅಂದದ್ದು ಟವರಿಗೆ ಹೋಗಿ ಬರುವಷ್ಟರಲ್ಲಿ ಇನ್ನೊಂದು ಸುತ್ತು ಸ್ನಾನವಾಗಿತ್ತು.

ಆಗ ಎದುರು ಮನೆಯ ಗೇಟು ತೆರೆಯಿತು. ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದ ಹಿರಿಯರು. ಕಾಲಲ್ಲಿ ಬೂಟು, ಕೈಯಲ್ಲಿ ಹಸಿರು ಬಾವುಟ, ಕೆಂಪು ಬಾವುಟ, ಕೊರಳಲ್ಲಿ ಸೀಟಿ. ನಿವೃತ್ತಿಯ ಮೇಲೆ ಇವನ್ನು ಇಲಾಖೆಗೆ ಒಪ್ಪಿಸಬೇಕಲ್ಲವೇ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ನನಗೂ ಹೆಂಡತಿಗೂ ಇಬ್ಬರಿಗೂ ಕಾಣುವಂತೆ ಬಲಗಡೆಯ ಚಕ್ರದ ಪಕ್ಕ ನಿಂತರು. “ಇನ್ನು ಯಾರೂ ಮಾತಾಡಬಾರದು. ಎಂಜಿನ್ ಕಡೆಯಿಂದ ಕೈ ಎತ್ತಿದರೆ ನಾನು ಬಾವುಟ ತೋರಿಸುತ್ತೇನೆ, ಅಮ್ಮಾವರು ಬಾವುಟ ನೋಡಬೇಕು, ನನ್ನ ಮುಖ ಅಲ್ಲ.” ನಾನು ಕೈ ಎತ್ತಿದೆ. ಹಸಿರು ಬರಲಿಲ್ಲ. “ಪಾನ ಎಂಜಿನ್ ಮೇಲೆ ಬಿದ್ದಿದೆ, ತೆಗೀರಿ. ಲೈನ್ ಕ್ಲಿಯರ್ ಇಲ್ಲದೆ ಹೇಗೆ ಕೊಡಲಿ?” ತೆಗೆದೆ. ರಸ್ತೆಯಲ್ಲಿ ಹಾಲಿನವನ ಗಾಡಿ ಬಂತು. ಕೆಂಪು ತೋರಿಸಿ ಅವನನ್ನೂ ನಿಲ್ಲಿಸಿದರು. ಯಾಕೆ ನಿಂತೆನೆಂದು ಅವನಿಗೂ ಗೊತ್ತಾಗಲಿಲ್ಲ. ಸೀಟಿ ಊದಿತು, ಹಸಿರು ಬೀಸಿತು, ಸೆಲ್ಫ್ ತಿರುಗಿತು, ಡೀಸೆಲ್ ಜಿನುಗಿತು, ಕೈ ಇಳಿಯಿತು, ಕೆಂಪು ಎದ್ದಿತು, ಸೆಲ್ಫ್ ನಿಂತಿತು. ನಮ್ಮ ಮದುವೆಯ ಇತಿಹಾಸದಲ್ಲಿ ಒಂದು ಸೂಚನೆ ಇಷ್ಟು ಶುದ್ಧವಾಗಿ ತಲುಪಿದ್ದು ಅದೇ ಮೊದಲು.

ನಾಲ್ಕನೆಯ ನಟ್ಟೂ ಬಿಗಿದು ಮತ್ತೆ ಹಸಿರು ಬೀಸುತ್ತಿದ್ದಂತೆ ಒಂದು ಸಿಲಿಂಡರು ಟಕ್ ಅಂದಿತು. ಇನ್ನೊಂದು ಅದಕ್ಕೆ ಉತ್ತರ ಕೊಟ್ಟಿತು. ಇಡೀ ಕಾರು ಎಡಕ್ಕೂ ಬಲಕ್ಕೂ ಓಲಾಡಿ, ಬೀದಿಯ ತುಂಬ ಬಿಳಿ ಹೊಗೆ ಬಿಟ್ಟು, ಹಠಾತ್ತನೆ ನಾಲ್ಕರ ಮೇಲೂ ಹಿಡಿದುಕೊಂಡಿತು. ಜನ ಚಪ್ಪಾಳೆ ತಟ್ಟಿದರು. ಗಾರ್ಡ್ ಸಾಹೇಬರು ಮಾತ್ರ ಹಸಿರು ಬಾವುಟ ಇಳಿಸಲೇ ಇಲ್ಲ, ಬೀಸುತ್ತಲೇ ಇದ್ದರು. ಅವರ ಹೆಂಡತಿ ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ಇದನ್ನೆಲ್ಲ ಕಾಂಪೌಂಡಿನ ಮೇಲೆ ಮೊಣಕೈಯೂರಿ ನೋಡುತ್ತಿದ್ದ ಇನ್ನೊಬ್ಬರಿದ್ದಾರೆ. ಅವರ ವಿಷಯಕ್ಕೆ ಬಂದರೆ ನನ್ನ ಮಾತಿನ ರುಚಿ ಕೆಡುತ್ತದೆ. ಆಡುಗೋಡಿಯ ಮೈಕೊದಲ್ಲಿ ಪಂಪು ವಿಭಾಗದಲ್ಲಿದ್ದವರಂತೆ. 1951ರಲ್ಲಿ ಶುರುವಾದ ಆ ಕಂಪನಿ 2008ರಲ್ಲಿ ಬಾಷ್ ಎಂಬ ಹೆಸರಿಟ್ಟುಕೊಂಡರೂ ಇವರ ಬಾಯಲ್ಲಿ ಮೈಕೊ ಮೈಕೊವೇ. ಪಂಪಿನೊಳಗಿನ ಪ್ಲಂಜರನ್ನೂ ಅದರ ಬ್ಯಾರಲನ್ನೂ ಜೋಡಿಯಾಗಿಯೇ ಅರೆದು ಹೊಂದಿಸಿರುತ್ತಾರೆ, ನಡುವಿನ ಸಂದು ಮೈಕ್ರಾನುಗಳ ಲೆಕ್ಕದ್ದು, ಒಂದರದನ್ನು ಇನ್ನೊಂದಕ್ಕೆ ಹಾಕುವಂತೆಯೇ ಇಲ್ಲ, ಮನೆಯಂಗಳದಲ್ಲಿ ಬಿಚ್ಚಿದವನಿಗೆ ನರಕ. ಇದೆಲ್ಲ ನಿಜವೇ. ಅದನ್ನು ನಾನು ಪಂಪು ಮುಟ್ಟಿದಾಗ ಹೇಳಲಿ. ಟೈರಿಗೆ ಗಾಳಿ ತುಂಬುವಾಗ ಯಾಕೆ ಹೇಳಬೇಕು? ಅವರು ಹೇಳಿದ್ದರಲ್ಲಿ ಒಂದನ್ನು ಮಾತ್ರ ನಾನು ತಲೆಬಾಗಿ ಪಾಲಿಸುತ್ತೇನೆ. ನಾಜಲ್ ಕೈಯಲ್ಲಿ ಹಿಡಿದು ಪರೀಕ್ಷಿಸುವಾಗ ಎದುರಿಗೆ ಬೆರಳು ಇಡಬಾರದು. ಆ ತುಂತುರು ನೋಡಲು ಅತ್ತರು ಚಿಮುಕಿಸಿದಷ್ಟೇ ನಯ; ಚರ್ಮ ತೂರಿ ಒಳಗೆ ಹೋದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು.

ತಾಮ್ರದ ವಾಷರುಗಳ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಜೆ.ಸಿ. ರಸ್ತೆಯಲ್ಲಿ ಹೊಸದು ಒಂದು ಕಾಫಿಯ ದುಡ್ಡಿಗೆ ಸಿಗುತ್ತದೆ, ನಿಜ. ಆದರೆ ಹಳೆಯದನ್ನು ಕೆಂಪಗೆ ಕಾಯಿಸಿ ನೀರಿಗೆ ಬಿಟ್ಟರೆ ಮತ್ತೆ ಮೆತ್ತಗಾಗಿ ಹೊಸದರ ಕೆಲಸ ಮಾಡುತ್ತದೆ. ಉಕ್ಕಿಗೆ ಹೀಗೆ ಮಾಡಿದರೆ ಗಡಸಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಇಂಥ ಲೋಹದ ಗುಣ ಕಣ್ಣಾರೆ ನೋಡುವ ಸುಖ ಅಂಗಡಿಯಲ್ಲಿ ಸಿಗುತ್ತದೆಯೇ? ಹೆಂಡತಿಯ ತಕರಾರು ಲೋಹಶಾಸ್ತ್ರದ್ದಲ್ಲ. “ಅದು ಹಾಲು ಕಾಯಿಸೋ ಒಲೆ. ಆ ಇಕ್ಕಳದಲ್ಲಿ ನಾನು ಹಪ್ಪಳ ಸುಡ್ತೀನಿ.” ಈಗ ನನಗೇ ಬೇರೆ ಇಕ್ಕಳವಿದೆ. ಒಲೆ ಮಾತ್ರ ಅವಳು ಸ್ನಾನಕ್ಕೆ ಹೋದಾಗ.

ಕಲ್ಯಾಣ ಮಂಟಪವೊಂದರಲ್ಲಿ ಕಾರು ನಿಲ್ಲಿಸಿಕೊಡುವ ಹುಡುಗ ಊಟದ ಹಾಲಿಗೇ ಹುಡುಕಿಕೊಂಡು ಬಂದದ್ದುಂಟು. ಹೋಳಿಗೆಗೆ ತುಪ್ಪ ಬೀಳುತ್ತಿತ್ತು. ಅವನ ಮುಖದಲ್ಲಿ ರಕ್ತವಿಲ್ಲ. “ಸಾರ್, ಕೀ ನನ್ನ ಕೈಲಿದೆ. ಕಾರು ಓಡ್ತಾನೇ ಇದೆ.” ಕೀ ಇರುವುದು ಹೊರಡಿಸಲು ಮಾತ್ರ, ನಿಲ್ಲಿಸಲು ಡ್ಯಾಶ್‌ಬೋರ್ಡಿನ ಗುಂಡಿ ಎಳೆದು ಡೀಸೆಲ್ ತಡೆಯಬೇಕು ಎಂದು ವಿವರಿಸಿದೆ. ಅವನು ನಂಬಲಿಲ್ಲ. ಹಾರ ಹಾಕಿಸಿಕೊಳ್ಳುತ್ತಿದ್ದ ಮದುಮಗನ ಕಡೆಯವರೂ ನಂಬಲಿಲ್ಲ. ಹೋಳಿಗೆ ಬಿಟ್ಟು ಎದ್ದೆ.

ಒಂದು ಸಂಗತಿಗೆ ಮಾತ್ರ ನನಗೆ ತಮಾಷೆ ಹುಟ್ಟುವುದಿಲ್ಲ. ಸೌತ್ ಎಂಡ್ ವೃತ್ತದ ಸಿಗ್ನಲ್ಲಿನಲ್ಲಿ ಹಸಿರು ಬಿದ್ದಾಗ ಆಕ್ಸಿಲರೇಟರ್ ತುಳಿದೆ. ಕನ್ನಡಿಯಲ್ಲಿ ಹಿಂದೆ ನೋಡಿದರೆ ಕರೀ ಹೊಗೆ, ಹೊಗೆಯೊಳಗೊಂದು ಸ್ಕೂಟರು, ಸ್ಕೂಟರಿನ ಮುಂದೆ ನಿಂತ ಸಮವಸ್ತ್ರದ ಮಗು. ಮಗು ಮೂಗು ಮುಚ್ಚಿಕೊಳ್ಳಲಿಲ್ಲ; ಅಭ್ಯಾಸವಾದವರು ಮುಚ್ಚಿಕೊಳ್ಳುವುದಿಲ್ಲ, ಕಣ್ಣು ಮಾತ್ರ ಕಿರಿದು ಮಾಡಿಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧಕರು ಡೀಸೆಲ್ ಹೊಗೆಯನ್ನು 2012ರಲ್ಲಿ ಮೊದಲ ಗುಂಪಿಗೆ ಸೇರಿಸಿದರು. ಕ್ಯಾನ್ಸರ್ ತರುವುದು ಖಚಿತ ಎಂಬವುಗಳ ಗುಂಪು ಅದು. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿಯಲ್ಲಿ ಬೇಡವೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿದಾಗ ಅದು ದೆಹಲಿಯವರ ಕಷ್ಟ ಎಂದು ಪತ್ರಿಕೆ ಮಡಿಸಿಟ್ಟಿದ್ದೆ. ಆ ಮಗುವನ್ನು ಕಂಡ ವಾರವೇ ನಾಜಲ್ಲುಗಳನ್ನು ಬಿಚ್ಚಿ ಒತ್ತಡ ಸರಿಮಾಡಿಸಿ, ಪಂಪನ್ನು ಬೆಂಚಿನ ಮೇಲಿಟ್ಟು ಹದ ಮಾಡುವವರ ಕೈಗೆ ಕೊಟ್ಟು, ಏರ್ ಫಿಲ್ಟರ್ ಬದಲಿಸಿದೆ. ಹೊಗೆ ತೆಳುವಾಯಿತು. ಇಲ್ಲವಾಗಲಿಲ್ಲ. ಆಗುವುದೂ ಇಲ್ಲ. ಶಾಲೆಯ ಹೊತ್ತಿಗೆ ಈಗ ಅದನ್ನು ಹೊರಗೆ ತೆಗೆಯುವುದಿಲ್ಲ. ಮಿಕ್ಕ ಹೊತ್ತಿನಲ್ಲಿ ರಸ್ತೆಯಲ್ಲಿರುವವರಿಗೂ ಶ್ವಾಸಕೋಶ ಇದೆ ಎಂಬ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಿಂದ 5000 ಆಯಿತು. ಆ ದುಡ್ಡನ್ನು ಹೆಂಡತಿ ತಾನೇ ಎಣಿಸಿ ಕೊಟ್ಟಾಗ ನನಗೆ ಆಶ್ಚರ್ಯವಾಯಿತು. ಕಾರಣ ಗೊತ್ತಾದದ್ದು ಅವಳ ತಂಗಿಯ ಮನೆಯ ಗೃಹಪ್ರವೇಶದಲ್ಲಿ. ಸತ್ಯನಾರಾಯಣ ಪೂಜೆಯ ನಡುವೆ ಕರೆಂಟು ಹೋಯಿತು. ಬಾಡಿಗೆಗೆ ತಂದ ಜನರೇಟರು ಹತ್ತಲಿಲ್ಲ. ಆಪರೇಟರ್ ಹುಡುಗ ಹ್ಯಾಂಡಲ್ ಹೊಡೆದು ಹೊಡೆದು ಬೆವತುಹೋದ. ನಾನು ತೋಳು ಮಡಚುತ್ತಾ ಎದ್ದೆ. ಅಷ್ಟರಲ್ಲಿ ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಮುಂದೆ ಹೋಗಿ ನಿಂತಿದ್ದಳು.

“ಡೀಸೆಲ್ ಖಾಲಿ ಆಗಿತ್ತಾ?”

“ಹೌದಕ್ಕ, ಈಗ ತಾನೇ ಹಾಕಿದೆ.”

“ಏರ್ ಹಿಡಿದಿದೆ. ಫಿಲ್ಟರ್ ಸ್ಕ್ರೂ ಬಿಡು. ನೊರೆ ನಿಲ್ಲೋವರೆಗೂ ಒತ್ತು. ಈಗ ನಾಜಲ್ ನಟ್ಟು. ಪೂರ್ತಿ ಬಿಚ್ಚಬೇಡ್ವೋ, ಅರ್ಧ ಸುತ್ತು!” ನಾನು ಪಾನ ಎತ್ತಿಕೊಂಡೆ. “ನೀವು ದೂರ ಇರಿ, ಒಳ್ಳೇ ಷರಟು ಹಾಕಿದ್ದೀರಿ,” ಅಂದಳು. ತನ್ನ ಕೈಚೀಲವನ್ನು ನನಗೆ ಕೊಟ್ಟಳು. ಆಮೇಲೆ ಹುಡುಗನ ಕಡೆ ತಿರುಗಿ ಕೈ ಮೇಲೆತ್ತಿದಳು. ಬಾಯಿ ಬಿಡಲಿಲ್ಲ. ಜನರೇಟರು ಎರಡನೇ ಸುತ್ತಿಗೇ ಹಿಡಿಯಿತು, ದೇವರ ಮುಂದೆ ದೀಪದ ಸರ ಹತ್ತಿತು, ಪುರೋಹಿತರು ಬಿಟ್ಟಲ್ಲಿಂದ ಕಥೆ ಮುಂದುವರಿಸಿದರು.

ಹೋಗುವಾಗ ಹುಡುಗ ಅವಳ ನಂಬರ್ ಬರೆದುಕೊಂಡ. ಈಗ ಯಾವ ಊರಿನ ಯಾವ ಮಂಟಪದಲ್ಲಿ ಜನರೇಟರು ಕೈಕೊಟ್ಟರೂ ನಮ್ಮ ಮನೆಗೆ ಫೋನು ಬರುತ್ತದೆ. ನಾನು ಎತ್ತಿಕೊಂಡು, ಲಕ್ಷಣವೆಲ್ಲ ವಿಚಾರಿಸಿ, ಫೀಡ್ ಪಂಪಿನ ಲಿವರಿನ ವಿಷಯಕ್ಕೆ ಬರುವಷ್ಟರಲ್ಲಿ ಅವನು ವಿನಯದಿಂದಲೇ ಅಡ್ಡ ಬರುತ್ತಾನೆ: “ಸಾರ್, ಅಕ್ಕ ಇಲ್ವಾ?”