ಬೆಳೆಯುತ್ತೆ ಬಿಡಿ ಮೇಡಂ

ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಕಾವೇರಿಯ ಬಳಿ ತನ್ನ ಹೆಸರಿನದೇ ಅಗ್ರಹಾರವೊಂದನ್ನು ನಿರ್ಮಿಸಿ, 1258ರಲ್ಲಿ ಅಲ್ಲಿ ಕೇಶವನನ್ನು ಪ್ರತಿಷ್ಠಾಪಿಸಿದ ಸಂಗತಿಯನ್ನು ಸೋಮನಾಥಪುರದ ಗೈಡುಗಳು ಬಂದವರಿಗೆಲ್ಲ ಹೇಳುತ್ತಾರೆ. ಮೂರು ಗರ್ಭಗುಡಿಗಳನ್ನೂ ನಕ್ಷತ್ರಾಕಾರದ ಜಗತಿಯನ್ನೂ ತೋರಿಸುತ್ತಾರೆ. ಹೊರಗೋಡೆಯ ಮೇಲೆ ಸಾಲಾಗಿ ನಿಂತಿರುವ ಅಷ್ಟೊಂದು ಮಂದಿ ಹೆಂಗಸರ ತಲೆ ಬಾಚಿದವರು ಗಂಡಸರು ಎಂಬುದನ್ನು ಮಾತ್ರ ಅವರಲ್ಲಿ ಯಾರೊಬ್ಬರೂ ಹೇಳಿದ್ದನ್ನು ನಾನು ಕೇಳಿಲ್ಲ. ದೇವಿಯಾಗಲಿ, ನರ್ತಕಿಯಾಗಲಿ, ಚಾಮರ ಬೀಸುವವಳಾಗಲಿ, ಕೆದರಿದ ತಲೆಯಲ್ಲಿ ನಿಂತವಳೊಬ್ಬಳೂ ನನ್ನ ಕಣ್ಣಿಗೆ ಬಿದ್ದಿಲ್ಲ. ಏಳೂವರೆ ಶತಮಾನಗಳ ಬಿಸಿಲು ಮಳೆಯಲ್ಲಿ ಕೆಲವರ ಮೂಗು ಹೋಗಿದೆ, ಕೆಲವರ ಕೈ ಹೋಗಿದೆ. ತುರುಬು ಮಾತ್ರ ಇಂದು ಬೆಳಿಗ್ಗೆ ಕಟ್ಟಿದಂತಿದೆ.

ಈ ಕೇಶಶಿಲ್ಪಿಗಳಲ್ಲಿ ಅಗ್ರಗಣ್ಯನಾದವನು ಮಲ್ಲಿತಮ್ಮ. ಗೋಡೆಯ ಮೇಲಿನ 194 ದೊಡ್ಡ ವಿಗ್ರಹಗಳಲ್ಲಿ ಸುಮಾರು 40ರ ಪೀಠದಲ್ಲಿ ಅವನ ಅಂಕಿತವಿದೆ. ಬಾಲೆಯ, ಚೌಡೆಯ ಮೊದಲಾದ ಇತರರೂ ತಮ್ಮ ತಮ್ಮ ಹೆಸರನ್ನು ಕೊರೆದಿದ್ದಾರೆ. ಹೆಂಗಸಿನ ತಲೆಯೊಂದನ್ನು ಸಿಂಗರಿಸಿ ಮುಗಿಸಿ, ‘ಇದನ್ನು ಮಾಡಿದವನು ನಾನು’ ಎಂದು ಕೆಳಗೆ ಹೆಸರು ಬರೆದು ನಿಂತ ಗಂಡಸರನ್ನು ನಾನು ಅಲ್ಲಿ ಬಿಟ್ಟರೆ ಬೇರೆಲ್ಲಿಯೂ ಕಾಣೆ. 2023ರಲ್ಲಿ ಯುನೆಸ್ಕೋದವರು ಬೇಲೂರು ಹಳೇಬೀಡುಗಳೊಡನೆ ಈ ಗುಡಿಯನ್ನೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ, ಅವನ ಗಿರಾಕಿಗಳ ಪರವಾಗಿ ಜಗತ್ತೇ ‘ಚೆನ್ನಾಗಿದೆ’ ಎಂದು ಒಪ್ಪಿಕೊಂಡಂತಾಯಿತು.

ಆ ಮಹಾಶಯನಿಗೆ ಅಷ್ಟು ಧೈರ್ಯ ಎಲ್ಲಿಂದ ಬಂದಿತೆಂದು ಯೋಚಿಸಿ ನೋಡಿದೆ. ಬಳಪದ ಕಲ್ಲು ನೆಲದಿಂದ ತೆಗೆದ ಹೊಸತರಲ್ಲಿ ಮೃದುವಾಗಿದ್ದು, ಗಾಳಿಗೆ ಬಿಟ್ಟಂತೆಲ್ಲ ಗಟ್ಟಿಯಾಗುತ್ತದೆ. ಉಳಿ ಎಳೆಯಷ್ಟು ಜಾರಿ ಒಳಕ್ಕೆ ಹೋಯಿತೋ, ಹೋದ ಕಲ್ಲು ಹೋಯಿತು. ಮರುತಿಂಗಳು ಬಂದು ನೋಡುವಷ್ಟರಲ್ಲಿ ಚಿಗುರಿರುತ್ತದೆಂಬ ಭರವಸೆಯಿಲ್ಲ. ಆದುದರಿಂದ ಅವನು ಕೈ ಹಿಡಿದು ಕೆಲಸ ಮಾಡಿದನು, ಮಾಡಿದ ಕೆಲಸಕ್ಕೆ ಹೆಸರು ಹಾಕಿದನು. ನಮ್ಮ ಕಾಲದ ಕೇಶಶಿಲ್ಪಿಗಾದರೋ ಈ ಭೀತಿಯೇ ಇಲ್ಲ. ಅವನಿಗೆ ಅಭಯವಾಕ್ಯವೊಂದು ಸಿದ್ಧಿಸಿದೆ. ‘ಬೆಳೆಯುತ್ತೆ ಬಿಡಿ ಮೇಡಂ.’

ಈ ವಾಕ್ಯವನ್ನು ನಾನು ಪ್ರತ್ಯಕ್ಷವಾಗಿ ಕೇಳಿದ್ದು ಮೈಸೂರಿನ ಸಲೂನೊಂದರಲ್ಲಿ, ನಾದಿನಿಗೆ ಜೊತೆಯಾಗಿ ಹೋಗಿದ್ದಾಗ. ಕೇಶಶಿಲ್ಪಿಯು ಇಪ್ಪತ್ತೈದರ ಆಸುಪಾಸಿನ ಯುವಕ. ಮುಂಗೈ ತುಂಬ ಹಚ್ಚೆ, ಸೊಂಟದ ಪಟ್ಟಿಯಲ್ಲಿ ಐದಾರು ಬಗೆಯ ಕತ್ತರಿ. ಅವಳ ಕೊರಳಿಗೆ ಕರಿಯ ಬಟ್ಟೆ ಕಟ್ಟಿ, ಕೂದಲಿನ ಒಂದು ಕುಚ್ಚನ್ನು ಎರಡೇ ಬೆರಳಿನಿಂದ ಎತ್ತಿ ಹಿಡಿದು, ಸಾವಿನ ಮನೆಯಲ್ಲಿ ಆಡುವ ದನಿಯಲ್ಲಿ, ‘ಯಾರು ಮೇಡಂ ಇದನ್ನ ಕಟ್ ಮಾಡಿದ್ದು?’ ಎಂದು ಕೇಳಿದನು. ಕಟ್ ಮಾಡಿದವಳು ಪಕ್ಕದ ಸೋಫಾದಲ್ಲಿ ವಾರಪತ್ರಿಕೆ ಹಿಡಿದು ಕುಳಿತಿದ್ದ ನಾನೇ. ನಾದಿನಿ ಕುಲೀನ ಹೆಣ್ಣು. ‘ಊರಲ್ಲಿ ಯಾರೋ ಮಾಡಿದ್ರು’ ಎಂದು ಹೇಳಿ ನನ್ನ ಮಾನ ಕಾಪಾಡಿದಳು.

‘ಎಷ್ಟು ತೆಗೀಲಿ?’

ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಸಂದು ಮಾಡಿ, ‘ಇಷ್ಟೇ. ತುದಿ ಮಾತ್ರ’ ಎಂದಳು. ಅವನು ಅದನ್ನು ಗಂಭೀರವಾಗಿ ನೋಡಿ ತಲೆಯಾಡಿಸಿದನು. ಆಮೇಲೆ, ‘ಕನ್ನಡಕ ತೆಗೀರಿ ಮೇಡಂ’ ಎಂದನು. ಕನ್ನಡಕ ಹಾಕುವ ಹೆಂಗಸರೆಲ್ಲರೂ ಬಲ್ಲ ಘಳಿಗೆಯಿದು: ಎದುರಿಗೆ ಆಳೆತ್ತರದ ಕನ್ನಡಿಯಿದ್ದರೂ ಅದರಲ್ಲಿ ಕಾಣುವುದು ಒಂದು ಬಿಳಿಯ ಮಸುಕು, ಒಂದು ಕರಿಯ ಮಸುಕು, ಆ ಎರಡರ ಸುತ್ತ ಮಿಂಚುತ್ತ ಸುತ್ತುವ ಕಬ್ಬಿಣ. ಕತ್ತರಿಯ ಸದ್ದಿನ ನಡುನಡುವೆ ‘ನಿಮ್ಮ ಫೇಸ್‌ಗೆ ಲೇಯರ್ಸ್ ಚೆನ್ನಾಗಿ ಕೂರುತ್ತೆ’ ಎಂಬ ಮಾತು ಕೇಳಿಬಂತು. ಅವಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಮುಗಿದ ಮೇಲೆ ಅವನು ಕನ್ನಡಕವನ್ನು ಕೈಗಿತ್ತು, ಬೆನ್ನ ಹಿಂದೆ ಎರಡನೆಯ ಕನ್ನಡಿಯನ್ನು ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿ, ‘ಹೇಗಿದೆ?’ ಎಂದನು. ಬೆನ್ನ ನಡುವಿನವರೆಗೆ ಇದ್ದ ಕೂದಲು ಹೆಗಲಿನ ಬಳಿ ನಾಲ್ಕಾರು ಅಭಿಪ್ರಾಯಭೇದಗಳಾಗಿ ನಿಂತಿತ್ತು.

‘ಚೆನ್ನಾಗಿದೆ’ ಎಂದಳು ನಾದಿನಿ. ಸ್ವಲ್ಪ ಹೊತ್ತು ಬಿಟ್ಟು, ಕ್ಷಮೆ ಕೇಳುವವಳಂತೆ, ‘ಸ್ವಲ್ಪ ಜಾಸ್ತಿ ಹೋಯ್ತಲ್ವಾ?’ ಎಂದಳು. ಆಗಲೇ ಆ ಅಭಯವಾಕ್ಯವು ಅವನ ಬಾಯಿಂದ ಹೊರಟಿತು. ಹಣ ಕೊಟ್ಟು, ಅವನ ಕೈಗೂ ಐವತ್ತು ರೂಪಾಯಿ ಇಟ್ಟು, ಮೆಟ್ಟಿಲಿಳಿದು ಬಂದ ಮೇಲೆ ಅವಳಿಗೆ ಅಳು ಬಂದಿತು. ಮನೆಯಲ್ಲಿ ನಮ್ಮತ್ತೆಯವರು ಮಗಳನ್ನು ಬಾಗಿಲಲ್ಲೇ ನಿಲ್ಲಿಸಿ ನೋಡಿ, ‘ಬನ್ನೂರು ಕುರಿನೂ ಯಾರೂ ಹಿಂಗೆ ಕತ್ತರ್ಸಲ್ವಲ್ಲೇ’ ಎಂದರು.

ಹೂವಾಡಗಿತ್ತಿಯೊಡನೆ ಅರ್ಧ ಮೊಳಕ್ಕೆ ರಂಪ ಮಾಡುವ, ಪಕ್ಕದ ಬೀದಿಯ ಪಾರ್ಲರಿನಾಕೆಯು ಹುಬ್ಬಿನ ಒಂದು ರೋಮ ಹೆಚ್ಚು ಕಿತ್ತರೆ ವಾರವೆಲ್ಲ ಆಡಿಕೊಳ್ಳುವ ನನ್ನ ನಾದಿನಿಯು, ಈ ಹುಡುಗನ ಮುಂದೆ ಮೂಕಿಯಾದುದು ಏತಕ್ಕೆಂದು ನಾನು ಕೇಳಲಾಗಿ, ಅವಳು ಕೊಟ್ಟ ಉತ್ತರವು ನನ್ನನ್ನೂ ಮೂಕಳನ್ನಾಗಿಸಿತು. ‘ಅತ್ತಿಗೆ, ಮುಕ್ಕಾಲು ಗಂಟೆ ನನ್ನ ಮುಖಾನೇ ನೋಡ್ಕೊಂಡು ನಿಂತಿದ್ದ ಪಾಪ. ನಿಮ್ಮ ತಮ್ಮ ನೋಡಿ’ ಎಂದಳು. ತಮ್ಮನೆಂದರೆ ಅವಳ ಯಜಮಾನರು. ನಂಟಸ್ತಿಕೆಯ ಲೆಕ್ಕದಲ್ಲಿ ನನಗೆ ತಮ್ಮನಾಗಬೇಕು. ಅವರು ಹೆಂಡತಿಯ ತಲೆಯಲ್ಲಿ ಏನೋ ವ್ಯತ್ಯಾಸವಾಗಿದೆಯೆಂಬುದನ್ನು ನಾಲ್ಕನೆಯ ದಿನ ಕಂಡುಹಿಡಿದು, ‘ಜ್ವರ ಬಂದಿತ್ತಾ?’ ಎಂದು ಕೇಳಿದರು.

ನಮ್ಮಜ್ಜಿಯ ಕಾಲದಲ್ಲಿ ಈ ಗೊಂದಲಕ್ಕೆ ಆಸ್ಪದವಿರಲಿಲ್ಲ. ಹರಳೆಣ್ಣೆ ಒತ್ತುವುದು, ಸೀಗೆಪುಡಿ ಹಾಕಿ ಉಜ್ಜುವುದು, ಹೇನು ಹೆಕ್ಕುವುದು, ಉದುರಿದ ಕೂದಲನ್ನು ಕೂಡಿಟ್ಟು ಚೌರಿ ಮಾಡುವುದು, ಸಕಲವೂ ಹೆಂಗಸರ ಕೈಯಲ್ಲೇ ನಡೆಯುತ್ತಿತ್ತು. ಮಲ್ಲಿಗೆಯ ಕಾಲದಲ್ಲಿ ಹುಡುಗಿಯರಿಗೆ ಮೊಗ್ಗಿನ ಜಡೆ ಹೊಲಿಯುವಾಗ ಸೂಜಿ ನೆತ್ತಿಗೆ ಚುಚ್ಚಿದರೂ ‘ಅಯ್ಯೋ’ ಎಂದವಳಿಗೆ ಒಂದು ಏಟು ಬೀಳುತ್ತಿತ್ತೇ ಹೊರತು ‘ಹೇಗಿದೆ’ ಎಂದು ಯಾರೂ ಕೇಳುತ್ತಿರಲಿಲ್ಲ. ಜಡೆ ಮುಗಿದ ಮೇಲೆ ಫೋಟೋ ಸ್ಟುಡಿಯೋಗೆ ಕರೆದೊಯ್ದರೆ ಅಲ್ಲಿಯ ಫೋಟೋಗ್ರಾಫರು ಹಿಂದೆ ದೊಡ್ಡ ಕನ್ನಡಿ ನಿಲ್ಲಿಸಿ, ಮುಖವೂ ಜಡೆಯೂ ಒಟ್ಟಿಗೆ ಬೀಳುವಂತೆ, ಕತ್ತು ತಿರುಗಿಸಿ ನಿಲ್ಲಿಸುತ್ತಿದ್ದರು. ಹೆಣ್ಣಿನ ಬೆನ್ನ ಹಿಂದೆ ಕನ್ನಡಿ ಹಿಡಿದ ಮೊದಲ ಗಂಡಸು ನಮ್ಮ ಕಡೆಯಲ್ಲಿ ಅವನೇ ಇರಬೇಕು. ಆದರೆ ಅವನ ಕೈಯಲ್ಲಿ ಕತ್ತರಿ ಇರಲಿಲ್ಲ.

ಕತ್ತರಿಯಿದ್ದ ಗಂಡಸರ ಮುಂದೆ ನಮ್ಮವರು ಕುಳಿತದ್ದು ನಂಜನಗೂಡಿನಲ್ಲಿ. ಶ್ರೀಕಂಠೇಶ್ವರನಿಗೆ ಮುಡಿ ಹರಸಿಕೊಂಡವಳು ಕ್ಷೌರಿಕನ ಮುಂದೆ ತಲೆ ಬಗ್ಗಿಸಿ ಕುಳಿತರೆ, ಅವನು ನೀರು ಚಿಮುಕಿಸಿ, ಯಾವ ಮುಖಕ್ಕೆ ಯಾವುದು ಹೊಂದುತ್ತದೆಂಬ ಜಿಜ್ಞಾಸೆಗೆ ಹೋಗದೆ, ಎಲ್ಲವನ್ನೂ ತೆಗೆದುಬಿಡುತ್ತಾನೆ. ಕನ್ನಡಿಯಿಲ್ಲ, ಚರ್ಚೆಯಿಲ್ಲ. ಎದ್ದು ಕಪಿಲೆಯಲ್ಲಿ ಮುಳುಗಿದರಾಯಿತು. ಹೆಚ್ಚು ತೆಗೆದನೆಂದು ಅವನ ಮೇಲೆ ದೂರು ಹೇಳಿದ ಹೆಂಗಸು ಈವರೆಗೆ ಹುಟ್ಟಿಲ್ಲ.

ಆದರೆ ಅಗ್ರಹಾರಗಳಲ್ಲಿ ಇನ್ನೊಂದು ಬಗೆಯ ಕ್ಷೌರವೂ ಇತ್ತು. ಅಲ್ಲಿ ಹರಕೆ ಹೊತ್ತವರು ಯಾರೋ, ತಲೆ ಕೊಟ್ಟವಳು ಯಾರೋ. ಗಂಡ ಸತ್ತವಳು, ಅವಳು ಮದುವೆಯ ಅರ್ಥವೇ ತಿಳಿಯದ ಮಗುವಾಗಿದ್ದರೂ, ಹಿತ್ತಿಲಿನ ಮೂಲೆಯಲ್ಲಿ ಪರಪುರುಷನ ಮುಂದೆ ಕೂರಬೇಕಾಗಿತ್ತು. ಎಂ.ಕೆ. ಇಂದಿರಾ ಅವರು 1976ರಲ್ಲಿ ಬರೆದ ‘ಫಣಿಯಮ್ಮ’ ಕಾದಂಬರಿಯನ್ನು ಓದಿದವರಿಗೂ, ಅದನ್ನು ಆಧರಿಸಿದ ಪ್ರೇಮಾ ಕಾರಂತರ ಚಲನಚಿತ್ರವನ್ನು ಕಂಡವರಿಗೂ ನಾನು ವಿವರಿಸಬೇಕಾದುದಿಲ್ಲ. ಬೆಳೆಯುತ್ತದೆಂಬುದು ಆ ವಿಧವೆಯರಿಗೆ ಸಮಾಧಾನವಾಗಿರಲಿಲ್ಲ. ಬೆಳೆಯುತ್ತಿದ್ದುದರಿಂದಲೇ ಕ್ಷೌರಿಕನು ಮತ್ತೆ ಮತ್ತೆ ಬರುತ್ತಿದ್ದನು. ಈ ಕೆಲಸ ನಮಗೆ ಬೇಡವೆಂದು ಮೊದಲು ಹೇಳಿದವರಲ್ಲಿ ಕ್ಷೌರಿಕರೇ ಇದ್ದರೆಂಬುದನ್ನು ಮರೆಯಲಾಗದು: 1890ರಲ್ಲಿ ಮುಂಬಯಿಯ ಕ್ಷೌರಿಕರು, ಕಾರ್ಮಿಕ ಮುಖಂಡ ನಾರಾಯಣ ಮೇಘಾಜಿ ಲೋಖಂಡೆಯವರ ಪ್ರೇರಣೆಯಿಂದ ಸಭೆ ಸೇರಿ, ವಿಧವೆಯರ ತಲೆಗೆ ಕತ್ತಿ ಇಡುವುದಿಲ್ಲವೆಂದು ನಿಶ್ಚಯಿಸಿದರು. ಕೈಯಲ್ಲಿ ಶಾಸ್ತ್ರ ಹಿಡಿದವರಿಗಿಂತ ಮೊದಲು ಕೈಯಲ್ಲಿ ಕತ್ತಿ ಹಿಡಿದವರಿಗೆ ಹೇಸಿಗೆಯಾಯಿತು.

ಅಭಯವಾಕ್ಯಕ್ಕೆ ನ್ಯಾಯಾಸ್ಥಾನದಲ್ಲಿ ಪೆಟ್ಟು ಬಿದ್ದದ್ದು ಇತ್ತೀಚೆಗೆ. ದೆಹಲಿಯ ಪಂಚತಾರಾ ಹೋಟೆಲೊಂದರ ಸಲೂನಿನಲ್ಲಿ 2018ರಲ್ಲಿ ಒಬ್ಬಾಕೆ ಕೆಳಗಿನಿಂದ ನಾಲ್ಕು ಇಂಚು ತೆಗೆಯಿರೆಂದರೆ, ಮೇಲಿನಿಂದ ನಾಲ್ಕು ಇಂಚು ಉಳಿಸಿ ಮಿಕ್ಕದ್ದನ್ನು ತೆಗೆದರಂತೆ. ಇಂಚಿನ ಲೆಕ್ಕ ಸರಿಯಾಗಿಯೇ ಇತ್ತು, ದಿಕ್ಕು ತಪ್ಪಿತ್ತು. ರಾಷ್ಟ್ರೀಯ ಗ್ರಾಹಕ ಆಯೋಗವು 2021ರಲ್ಲಿ ಆಕೆಗೆ 2 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ವಿಧಿಸಿತು. 2023ರಲ್ಲಿ ಸುಪ್ರೀಂ ಕೋರ್ಟು, ಅಷ್ಟು ಮೊತ್ತಕ್ಕೆ ಪುರಾವೆ ಬೇಕೆಂದು ಅದನ್ನು ಮರುವಿಚಾರಣೆಗೆ ಕಳುಹಿಸಿತು. ಸುದ್ದಿಯನ್ನು ಓದಿದ ನಾದಿನಿ ತನ್ನ ಹಳೆಯ ಜಡೆಯ ಫೋಟೋಗಳನ್ನು ಹುಡುಕಿಸಿದಳು.

ಹೆಂಡತಿಯ ತಲೆಯನ್ನೇ ಪ್ರಯೋಗಶಾಲೆ ಮಾಡಿಕೊಂಡವರೂ ಇದ್ದಾರೆ. ಕೂದಲಿಗೆ ಸ್ಥಿರವಾದ ಗುಂಗುರನ್ನು ತರಿಸುವ ಯಂತ್ರವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂಡುಹಿಡಿದ ಜರ್ಮನಿಯ ಕಾರ್ಲ್ ನೆಸ್ಲರನು, ಗೋಮೂತ್ರ ಬೆರೆಸಿದ ನೀರನ್ನೂ ಕಾದ ಲೋಹದ ಸಲಾಕೆಗಳನ್ನೂ ಮೊದಲು ಪ್ರಯೋಗಿಸಿದ್ದು ತನ್ನ ಪತ್ನಿ ಕ್ಯಾಥರಿನಾಳ ಮೇಲೆ. ಮೊದಲೆರಡು ಸಲ ಆಕೆಯ ಕೂದಲು ಸುಟ್ಟುಹೋಯಿತು. ಆಮೇಲೂ ಆ ಪುಣ್ಯಾತ್ಗಿತ್ತಿ ಕುರ್ಚಿಯಲ್ಲಿ ಬಂದು ಕುಳಿತಳೆಂದರೆ, ‘ಬೆಳೆಯುತ್ತೆ ಬಿಡು’ ಎಂಬುದನ್ನು ನೆಸ್ಲರನು ಜರ್ಮನ್ ಭಾಷೆಯಲ್ಲಿ ಎಷ್ಟು ಮಧುರವಾಗಿ ಹೇಳಿದ್ದನೋ.

ತಿ. ನರಸೀಪುರದಲ್ಲಿ ನನಗೆ ಪರಿಚಯದ ಒಬ್ಬರು, ತಂದೆ ತಾತಂದಿರು ಮದುವೆಮನೆಗಳಲ್ಲಿ ವಾಲಗ ಊದುತ್ತ ಊರಿನ ಕ್ಷೌರ ಮಾಡಿಕೊಂಡು ಬಂದ ಮನೆತನದವರು, ಈಗ ಗಂಡಸರಿಗೂ ಹೆಂಗಸರಿಗೂ ಒಂದೇ ಸೂರಿನಡಿ ಸಲೂನು ತೆರೆದಿದ್ದಾರೆ. ಮಹಾ ಸಂಕೋಚದ ಮನುಷ್ಯ. ಹೆಂಗಸರು ಬಂದರೆ ಒಳಗಿನಿಂದ ಹೆಂಡತಿಯನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಎರಡನೆಯ ಕನ್ನಡಿಯನ್ನು ಹಿಡಿಯುವವರು ಆಕೆಯೇ. ಆಕೆಯ ಕೂದಲಾದರೋ ಭುಜದಿಂದ ಕೆಳಕ್ಕೆ ಒಂದರ ಮೇಲೊಂದು ಅಲೆಯಾಗಿ ಇಳಿದಿದ್ದು, ಮಲ್ಲಿತಮ್ಮನು ಕಂಡಿದ್ದರೂ ಉಳಿ ಕೆಳಗಿಟ್ಟು ನೋಡುತ್ತಿದ್ದನು. ಅಂಗಡಿಗೆ ಬೇರೆ ಬೋರ್ಡೇ ಬೇಡವೆನ್ನಿಸಿ, ‘ನಿಮ್ಮ ಯಜಮಾನರ ಕೈಗುಣ ಬಹಳ ಚೆನ್ನಾಗಿದೆ ಕಣಮ್ಮ, ಎಷ್ಟು ಚೆನ್ನಾಗಿ ಕತ್ತರಿಸಿದ್ದಾರೆ’ ಎಂದೆ. ಆಕೆ ಕನ್ನಡಿಯನ್ನು ಮೊಳೆಗೆ ನೇತುಹಾಕಿ, ಗಂಡನತ್ತ ಒಮ್ಮೆ ನೋಡಿ, ನನ್ನ ಕಿವಿಯ ಬಳಿ ಬಗ್ಗಿ ಹೇಳಿದರು: ‘ಅಯ್ಯೋ, ಇವ್ರ ಕೈಗೆ ಯಾರು ತಲೆ ಕೊಡ್ತಾರೆ ಅಕ್ಕ? ನಾನು ಮೈಸೂರ್‌ಗೆ ಹೋಗ್ತೀನಿ.’