ಕೆಂಗಣ್ಣಿನ ಕ್ಯಾಮೆರಾ: ನಾಲ್ಕು ತಾಲೂಕಿನ ಗುಣದೋಷ ವಿಚಾರ

ಲೋಕದ ಕ್ಯಾಮೆರಾಗಳೆಲ್ಲ ಮೂರು ಜಾತಿ: ಎಲ್ಲವನ್ನೂ ತೆಗೆಯುವವು, ಯಾವುದನ್ನೂ ನೆಟ್ಟಗೆ ತೆಗೆಯದವು, ಒಂದನ್ನು ಮಾತ್ರ ತೆಗೆಯುವವು. ಮೊದಲನೆಯದು ಕೊಪ್ಪಳ, ಗಂಗಾವತಿಯ ಫೋಟೋ ಸ್ಟುಡಿಯೋದವರ ಕೊರಳಲ್ಲಿರುತ್ತದೆ. ಬೆಳಿಗ್ಗೆ ಮದುವೆ, ಮಧ್ಯಾಹ್ನ ಕುಬಸ, ಸಂಜೆ ಶಾಸಕರ ಭೂಮಿಪೂಜೆ. ಎರಡನೆಯದು ಎಲ್ಲರ ಕಿಸೆಯಲ್ಲಿದೆ. ಮೂರನೆಯದು ವಿರಳ. ಈ ಪ್ರಬಂಧ ಅದರ ಮೇಲೆ.

ಶಾಸ್ತ್ರವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲಿಗೇ ಹೇಳಬೇಕು. ವಿಷಯ: ನಕ್ಷತ್ರಗಳ ಫೋಟೋ ತೆಗೆಯಲೆಂದೇ ಕ್ಯಾನನ್ ಕಂಪನಿ 2012ರಲ್ಲಿ ಹೊರತಂದ 60ಡಿಎ ಎಂಬ ಡಿಜಿಟಲ್ ಎಸ್‌ಎಲ್‌ಆರ್. ಪ್ರಯೋಜನ: ಕೊಳ್ಳಬೇಕೋ ಬೇಡವೋ ಎಂಬ ನಿರ್ಣಯ. ಸಂಬಂಧ: ಕ್ಯಾಮೆರಾಕ್ಕೂ ಕೊಳ್ಳುವವನ ಬ್ಯಾಂಕ್ ಪಾಸ್‌ಬುಕ್ಕಿಗೂ ಇರುವಂಥದ್ದು. ಅಧಿಕಾರಿ: ರಾತ್ರಿ ಎರಡು ಗಂಟೆಗೆ ಊರ ಹೊರಗಿನ ಹೊಲದಲ್ಲಿ ನಿಂತರೂ ಮನೆಯವರಿಂದ ಬೈಸಿಕೊಳ್ಳದವನು. ಇಂಥವನು ಕೊಪ್ಪಳ ಜಿಲ್ಲೆಯ ನಾಲ್ಕೂ ತಾಲೂಕಿನಲ್ಲಿ ಸಿಗುವುದು ಕಷ್ಟವಾದ್ದರಿಂದ, ಬೈಸಿಕೊಂಡೂ ನಿಲ್ಲುವವನನ್ನು ಅಧಿಕಾರಿಯೆಂದೇ ಎಣಿಸತಕ್ಕದ್ದು.

ಲಕ್ಷಣ ಪ್ರಕರಣ

'ಕಡುಗೆಂಪನ್ನು ತಡೆಯದ ಎಸ್‌ಎಲ್‌ಆರ್ ನಕ್ಷತ್ರ ಕ್ಯಾಮೆರಾ' ಎಂಬುದು ಸೂತ್ರ. ಇದರ ವಿವರಣೆ ಹೀಗೆ. ಕ್ಯಾಮೆರಾದೊಳಗಿನ ಸಿಲಿಕಾನ್ ಸೆನ್ಸರ್ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನೂ ಹೀರುತ್ತದೆ. ಹಾಗೆ ಬಿಟ್ಟರೆ ಫೋಟೋದಲ್ಲಿ ಬಣ್ಣಗಳೆಲ್ಲ ಹದಗೆಡುತ್ತವೆಂದು ಸೆನ್ಸರಿನ ಮುಂದೆ ಒಂದು ಫಿಲ್ಟರ್ ಕೂಡಿಸುತ್ತಾರೆ. ಈ ಫಿಲ್ಟರ್ ಇನ್‌ಫ್ರಾರೆಡ್ಡಿನ ಜೊತೆಗೆ ಅದರ ಪಕ್ಕದ ಕಡುಗೆಂಪಿನ ಬಹುಪಾಲನ್ನೂ ತಡೆದುಬಿಡುತ್ತದೆ. ಆಕಾಶದ ಸಿರಿಯೆಲ್ಲ ಇರುವುದು ಆ ಕಡುಗೆಂಪಿನಲ್ಲಿಯೇ. ಹೈಡ್ರೋಜನ್ ಪರಮಾಣುವಿನ ಎಲೆಕ್ಟ್ರಾನು ಮೂರನೆಯ ಮಟ್ಟದಿಂದ ಎರಡನೆಯದಕ್ಕೆ ಇಳಿಯುವಾಗ 656 ನ್ಯಾನೋಮೀಟರಿನ ಕೆಂಪು ಬೆಳಕನ್ನು ಚೆಲ್ಲುತ್ತದೆ. ಎಚ್-ಆಲ್ಫಾ ಎಂದು ಹೆಸರು. ಹೊಸ ನಕ್ಷತ್ರಗಳು ಹುಟ್ಟುವ ನೀಹಾರಿಕೆಗಳು ಹೊಳೆಯುವುದು ಬಹುಮಟ್ಟಿಗೆ ಇದರಿಂದ.

ಈ ಕೆಂಪುಗೆರೆ ನಮ್ಮ ಸೀಮೆಗೆ ಹೊಸದಲ್ಲ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ದಿನ, ಈಗಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಮೋಡಗಳ ನಡುವೆ ಬಿಡುವು ಹುಡುಕುತ್ತ ರೋಹಿತದರ್ಶಕದಲ್ಲಿ ಕಣ್ಣಿಟ್ಟಿದ್ದ. ಸೂರ್ಯನ ಅಂಚಿನಿಂದ ಎದ್ದ ಜ್ವಾಲೆಯ ಬೆಳಕು ಬಿಡಿಗೆರೆಗಳಾಗಿ ಕಂಡಿತು: ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ. ಆ ಕೆಂಪೇ ಈ ಕೆಂಪು. ಆಗಸ್ಟ್ ತಿಂಗಳಲ್ಲಿ ಆಕಾಶ ನೋಡಲು ಹೊರಟರೆ ಮೋಡ ಅಡ್ಡ ಬರುತ್ತದೆಂಬುದಕ್ಕೂ ಅವನೇ ಪ್ರಮಾಣ.

60ಡಿಎಯಲ್ಲಿ ಕಂಪನಿಯವರೇ ಫಿಲ್ಟರನ್ನು ಬದಲಿಸಿದ್ದಾರೆ. ಸಾಮಾನ್ಯ 60ಡಿಗಿಂತ ಸುಮಾರು ಮೂರು ಪಟ್ಟು ಎಚ್-ಆಲ್ಫಾ ಒಳಗೆ ಬರುತ್ತದೆ. ಇದರ ಹಿರಿಯಣ್ಣ 2005ರ 20ಡಿಎ. ನಿಕಾನ್ ಮನೆತನದ ದಾಯಾದಿ 2015ರ ಡಿ810ಎ: ಸೆನ್ಸರ್ ದೊಡ್ಡದು, 36 ಮೆಗಾಪಿಕ್ಸೆಲ್, ಎಚ್-ಆಲ್ಫಾ ನಾಲ್ಕು ಪಟ್ಟು, ಬೆಲೆಯೂ ಹಾಗೆಯೇ.

ಇಲ್ಲಿ ಪೂರ್ವಪಕ್ಷ: 'ಹಳೆಯ ಕ್ಯಾಮೆರಾ ಒಂದನ್ನು ಮೆಕ್ಯಾನಿಕ್ ಕೈಗೆ ಕೊಟ್ಟು ಫಿಲ್ಟರ್ ಕಿತ್ತಿಸಿದರೂ ಲಕ್ಷಣ ಹೊಂದುತ್ತದಲ್ಲ, ಇದು ಅತಿವ್ಯಾಪ್ತಿಯಲ್ಲವೇ?' ಹೌದು, ಹೊಂದುತ್ತದೆ; ಅಗ್ಗವೂ ಹೌದು. ಆದರೆ ಕಿತ್ತ ಜಾಗದಲ್ಲಿ ಸರಿಯಾದ ದಪ್ಪದ ಗಾಜು ಕೂಡದಿದ್ದರೆ ಆಟೋಫೋಕಸ್ ದಾರಿ ತಪ್ಪುತ್ತದೆ, ಸೆನ್ಸರಿನ ಮೇಲೆ ಧೂಳು ಕೂರುತ್ತದೆ, ವಾರಂಟಿ ಅಲ್ಲಿಗೇ ಮುಗಿಯುತ್ತದೆ. ಕೈ ಪಳಗಿದವರಲ್ಲಿ ಮಾಡಿಸಿದರೆ ಅಡ್ಡಿಯಿಲ್ಲ ಎಂಬುದು ಸಿದ್ಧಾಂತ.

ಅಂಗ ಪ್ರಕರಣ

ಅಂಗಗಳು ಎರಡು ಬಗೆ: ದುಡಿಯುವವು, ಸುಮ್ಮನೆ ಕೂತು ಉಣ್ಣುವವು. ದುಡಿಯುವವು ಕಡಿಮೆ. ಸೆನ್ಸರ್, ಅದರ ಮುಂದಿನ ಫಿಲ್ಟರ್, ಹೊರಳಿಸಬಹುದಾದ ಹಿಂಬದಿಯ ಪರದೆ, ಬ್ಯಾಟರಿ. ಪರದೆಯ ಉಪಕಾರವನ್ನು ಎಷ್ಟು ಹೇಳಿದರೂ ಕಡಿಮೆ. ತಲೆಯ ಮೇಲಿರುವ ಚುಕ್ಕಿಗೆ ಕ್ಯಾಮೆರಾ ನೆಟ್ಟಾಗ ಕುತ್ತಿಗೆ ಮುರಿದುಕೊಳ್ಳದೆ ಪಕ್ಕದಿಂದ ನೋಡಬಹುದು. ಲೈವ್ ವ್ಯೂ ಹಾಕಿ ಚಿತ್ರವನ್ನು ಹತ್ತು ಪಟ್ಟು ಹಿಗ್ಗಿಸಿ, ಜೋಳದ ಕಾಳಿನಷ್ಟಿರುವ ಚುಕ್ಕಿ ಸಜ್ಜೆಕಾಳಾಗಿ, ಕೊನೆಗೆ ಸಾಸಿವೆಯಾಗುವವರೆಗೆ ಫೋಕಸ್ ರಿಂಗನ್ನು ಕೂದಲೆಳೆಯಷ್ಟೇ ತಿರುಗಿಸಬೇಕು. ಸಾಸಿವೆ ಮತ್ತೆ ಸಜ್ಜೆಯಾಯಿತೆಂದರೆ ದಾಟಿದಿರಿ, ಹಿಂದಕ್ಕೆ ಬನ್ನಿ.

ಇನ್ನು ಕೂತು ಉಣ್ಣುವವು. ಎಸ್‌ಎಲ್‌ಆರ್‌ಗೆ ಆ ಹೆಸರು ಬಂದದ್ದೇ ಒಳಗಿನ ಕನ್ನಡಿಯಿಂದ. ನೀಹಾರಿಕೆಯ ಮುಂದೆ ಆ ಕನ್ನಡಿಗೆ ಕೆಲಸವಿಲ್ಲ. ವ್ಯೂಫೈಂಡರಿನಲ್ಲಿ ಕಣ್ಣಿಟ್ಟರೆ ಬರೀ ಕತ್ತಲು. ಮೇಲಾಗಿ ಕನ್ನಡಿ ಮೇಲೆದ್ದಾಗಿನ ಅದುರಿಗೆ ಚುಕ್ಕಿ ನಡುಗದಿರಲೆಂದು ಅದನ್ನು ಮೊದಲೇ ಎತ್ತಿ ಕಟ್ಟಿಹಾಕಬೇಕು. ಒಂಬತ್ತು ಬಿಂದುಗಳ ಆಟೋಫೋಕಸ್ ಕತ್ತಲಲ್ಲಿ ತಡಕಾಡುತ್ತದೆ. ಸೆಕೆಂಡಿಗೆ ಐದು ಫೋಟೋ ತೆಗೆಯುವ ವೇಗವಿದೆ. ಇಲ್ಲಿ ಒಂದು ಫೋಟೋಕ್ಕೆ ಮೂರು ನಿಮಿಷ. ನಗು ಬರುವುದು ಫ್ಲ್ಯಾಶ್ ನೋಡಿ. 1,300 ಬೆಳಕಿನ ವರ್ಷ ದೂರದ ಒರಾಯನ್ ನೀಹಾರಿಕೆಯ ಫೋಟೋ ತೆಗೆಯುವ ಕ್ಯಾಮೆರಾಕ್ಕೆ ನೆತ್ತಿಯ ಮೇಲೊಂದು ಫ್ಲ್ಯಾಶ್! ಬೇಕಾದ ಅಂಗವೇ ಒಂದು ಇಲ್ಲ: ಡಿ810ಎ ತಾನಾಗಿಯೇ 900 ಸೆಕೆಂಡಿನವರೆಗೆ ಕಣ್ಣು ತೆರೆದಿರಬಲ್ಲದು, 60ಡಿಎ 30 ಸೆಕೆಂಡ್ ದಾಟಬೇಕಾದರೆ ಬಲ್ಬ್ ಮೋಡ್, ರಿಮೋಟ್ ಬೇಕೇ ಬೇಕು. ಬದಲಿಗೆ ಡಬ್ಬಿಯಲ್ಲಿ ಕರೆಂಟಿಗೆ ಜೋಡಿಸುವ ಅಡಾಪ್ಟರ್ ಕೊಟ್ಟಿದ್ದರು. ನಮ್ಮ ಹೊಲಗಳಿಗೆ ತ್ರೀ ಫೇಸ್ ಕರೆಂಟ್ ರಾತ್ರಿಯೇ ಬರುವುದೆಂದು ಜಪಾನಿನವರಿಗೆ ಯಾರು ಹೇಳಿದರೋ ಕಾಣೆ.

ಹಗಲಿನಲ್ಲಿ ಈ ಕ್ಯಾಮೆರಾ ಮದುವೆಗೆ ಹೋದರೆ ಕೆಂಪು ಏರಿ ಮುಖಗಳು ಕೆಂಡವಾಗುತ್ತವೆ. ವೈಟ್ ಬ್ಯಾಲೆನ್ಸ್ ಕೈಯಾರೆ ಹೊಂದಿಸಿದರೆ ಬಹಳ ಮಟ್ಟಿಗೆ ಸರಿಹೋಗುತ್ತದೆ ನಿಜ. ಅಕ್ಕಿಕಾಳು ಬೀಳುವ ಗಳಿಗೆಯಲ್ಲಿ ಅದನ್ನು ಹೊಂದಿಸುತ್ತ ಕೂಡುವ ಫೋಟೋಗ್ರಾಫರನಿಗೆ ಬೀಗರು ಏನೆನ್ನುತ್ತಾರೆಂಬುದು ಈ ಶಾಸ್ತ್ರದ ಹೊರಗಿನ ಮಾತು.

ದೇಶ ಪ್ರಕರಣ

ಇದೇ ಈ ಪ್ರಬಂಧದ ತಿರುಳು. ಈ ಕ್ಯಾಮೆರಾದ ಗುಣದೋಷ ಕ್ಯಾಮೆರಾದಲ್ಲಿಲ್ಲ, ಅದು ನಿಂತ ತಾಲೂಕಿನಲ್ಲಿದೆ. ಕುಕನೂರು, ಕನಕಗಿರಿ, ಕಾರಟಗಿ ಈಗ ಬೇರೆ ತಾಲೂಕುಗಳಾಗಿವೆ. ಶಾಸ್ತ್ರಕ್ಕೆ ಹಳೆಯ ನಾಲ್ಕೇ ಅನುಕೂಲ.

ಕೊಪ್ಪಳ ತಾಲೂಕಿನ ದೋಷ ಧೂಮ ಮತ್ತು ಪ್ರಭೆ. ಗಿಣಿಗೇರಾ ಸುತ್ತಿನ ಉಕ್ಕು, ಸ್ಪಾಂಜ್ ಐರನ್ ಕಾರ್ಖಾನೆಗಳು ರಾತ್ರಿಯೆಲ್ಲ ಎಚ್ಚರ. ಅವುಗಳ ದೀಪ ಅವುಗಳದೇ ಧೂಳಿಗೆ ತಗುಲಿ ಆಕಾಶ ಬೂದುಬಣ್ಣಕ್ಕೆ ತಿರುಗುತ್ತದೆ. ಸೂಕ್ಷ್ಮವಾದ ಕಣ್ಣಿಗೆ ಈ ಬೂದಿಯೇ ಮೊದಲು ಕಾಣುವುದು.

ಗಂಗಾವತಿಯದು ಜಲದೋಷ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ನಿಂತಿರುವ ಕಡೆ ಚಳಿಗಾಲದ ನಡುರಾತ್ರಿ ಲೆನ್ಸಿನ ಮೇಲೆ ಇಬ್ಬನಿ ಕೂರುತ್ತದೆ. ಮೊದಲು ಚುಕ್ಕಿಗಳ ಸುತ್ತ ಮಂಜಿನ ಬಳೆ, ಆಮೇಲೆ ಚುಕ್ಕಿಯೇ ಇಲ್ಲ. ಪರದೆ ಹೊತ್ತಿಸಿದರೆ ಗದ್ದೆಯ ಹುಳವೆಲ್ಲ ಅದರ ಮೇಲೆ. ಆನೆಗೊಂದಿ ಕಡೆಯ ಬಂಡೆಗುಡ್ಡಗಳಿಗೆ ಹೋದರೆ ಇಬ್ಬನಿ ತಪ್ಪೀತು. ಅಲ್ಲಿ ಇನ್ನೊಂದು ತೊಡಕು. ಚುಕ್ಕಿಗಳ ಜೊತೆ ತಿರುಗುವ ಟ್ರ್ಯಾಕರನ್ನು ಧ್ರುವ ನಕ್ಷತ್ರಕ್ಕೆ ಹೊಂದಿಸಬೇಕು. ನಮ್ಮ ಅಕ್ಷಾಂಶದಲ್ಲಿ ಧ್ರುವ ದಿಗಂತದಿಂದ ಬರೀ 15 ಡಿಗ್ರಿ ಮೇಲೆ. ಅದು ಯಾವುದಾದರೊಂದು ಬಂಡೆಯ ಹಿಂದೆ ಕೂತಿರುತ್ತದೆ. ಚಿರತೆ, ಕರಡಿಗಳೂ ಅದೇ ಬಂಡೆಯ ಹಿಂದಿರಬಹುದು. ಟ್ರ್ಯಾಕರ್ ಇಲ್ಲದೆ 50 ಎಂಎಂ ಲೆನ್ಸಿನಲ್ಲಿ ಆರು ಸೆಕೆಂಡ್ ದಾಟಿದರೆ ಚುಕ್ಕಿ ಗೆರೆಯಾಗುತ್ತದೆ.

ಯಲಬುರ್ಗಾ ಸೀಮೆ ಒಣನೆಲ, ಕತ್ತಲು ಒಳ್ಳೆಯದು. ಮುಂದುಗಡೆ ಇಟಗಿಯ ಮಹಾದೇವ ದೇವಾಲಯದ ಗೋಪುರ, ಮೇಲೆ ಕ್ಷೀರಪಥ, ಇಂಥ ಫೋಟೋದ ಆಸೆ ಯಾರಿಗಿಲ್ಲ? 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ ಅದು. ಆದರೆ ಪುರಾತತ್ವ ಇಲಾಖೆಯ ಸ್ಮಾರಕದ ಬಾಗಿಲು ಸೂರ್ಯಾಸ್ತಕ್ಕೆ ಮುಚ್ಚುತ್ತದೆ. ಟ್ರೈಪಾಡ್ ಇಡಲು ಅನುಮತಿಪತ್ರ ಬೇಕು. ಚುಕ್ಕಿ ಮೂಡುವುದು ಆಮೇಲೆ.

ಕುಷ್ಟಗಿ ಉತ್ತಮೋತ್ತಮ. ಹನುಮಸಾಗರ, ತಾವರಗೇರಾ ಕಡೆಯ ಎರೆಹೊಲಗಳಲ್ಲಿ ದಾಳಿಂಬೆ ತೋಟದ ಕಾವಲು ದೀಪವೊಂದು ಬಿಟ್ಟರೆ ಕತ್ತಲಿಗೆ ಕೊರತೆಯಿಲ್ಲ. ಕ್ಯಾರೀನಾ ನೀಹಾರಿಕೆ ಎಂಬುದೊಂದಿದೆ, ದಕ್ಷಿಣಾಕಾಶದ ದೊಡ್ಡ ಕೆಂಪು ಸಿರಿ. ಕ್ಯಾನನ್ ಕಂಪನಿಯ ತವರು ಟೋಕಿಯೋದಲ್ಲಿ ಅದು ಉದಯಿಸುವುದೇ ಇಲ್ಲ. ಕುಷ್ಟಗಿಯಲ್ಲಿ ಯುಗಾದಿ ಅಮಾವಾಸ್ಯೆಯ ಆಸುಪಾಸು ರಾತ್ರಿ ಹನ್ನೊಂದರ ಸುಮಾರಿಗೆ ನೇರ ದಕ್ಷಿಣದಲ್ಲಿ ಸುಮಾರು 15 ಡಿಗ್ರಿ ಎತ್ತರಕ್ಕೆ ಬರುತ್ತದೆ. ಮಾಡಿದವರಿಗೆ ಸಿಗದ್ದು ಕೊಂಡವರಿಗೆ! ದೋಷ ಎರಡು. ಒಂದು, ಕುಷ್ಟಗಿಯ ನೇರ ದಕ್ಷಿಣಕ್ಕಿರುವುದು ಕೊಪ್ಪಳ. ಮೇಲೆ ಹೇಳಿದ ಪ್ರಭೆಯೆಲ್ಲ ಆ ನೀಹಾರಿಕೆಯ ಕಾಲಬುಡದಲ್ಲೇ ಹೊಗೆಯಾಡುತ್ತಿರುತ್ತದೆ. ಎರಡು, ಗಾಳಿ ವಿದ್ಯುತ್ತಿನ ಫ್ಯಾನುಗಳು. ಅವುಗಳ ನೆತ್ತಿಯ ಕೆಂಪು ದೀಪಗಳು ರಾತ್ರಿಯಿಡೀ ಮಿಟುಕುತ್ತ ಮೂರು ನಿಮಿಷದ ಫೋಟೋದ ಅಡಿಯಲ್ಲಿ ಸಾಲಾಗಿ ಉರಿದುಬಿಡುತ್ತವೆ. ಆಕಾಶದ ಕೆಂಪು ಬೇರೆ, ಕಂಬದ ಕೆಂಪು ಬೇರೆ. ಎಚ್-ಆಲ್ಫಾ ಒಂದನ್ನೇ ಬಿಡುವ ಕಿರುಪಟ್ಟಿಯ ಫಿಲ್ಟರ್ ಹಾಕಿದರೆ ಕಂಬದ ಕೆಂಪನ್ನು ಬಹುಪಾಲು ಕಳೆಯಬಹುದು. ಅದಕ್ಕೆ ಮತ್ತೆ ದುಡ್ಡು.

ಕಾಲ ಪ್ರಕರಣ

ಮೃಗಶಿರ ಮಳೆ ಬರುವಾಗ ಮೃಗಶಿರ ನಕ್ಷತ್ರ ಕಾಣದು, ಏಕೆಂದರೆ ಆಗ ಸೂರ್ಯನೇ ಅಲ್ಲಿರುತ್ತಾನೆ. ರೈತ ಆ ನಕ್ಷತ್ರವನ್ನು ಜೂನ್ ತಿಂಗಳಲ್ಲಿ ಲೆಕ್ಕ ಹಾಕುತ್ತಾನೆ, ಕ್ಯಾಮೆರಾದವನು ಜನವರಿಯಲ್ಲಿ ನೋಡುತ್ತಾನೆ. ಆಗ ಒರಾಯನ್ ನೀಹಾರಿಕೆಯೂ ನೆತ್ತಿಯ ಸನಿಹ. ಸರಿಯಾಗಿ ಅದೇ ಹೊತ್ತಿಗೆ, ಪುಷ್ಯ ಮಾಸದಲ್ಲಿ, ಕೊಪ್ಪಳದ ಗವಿಮಠದ ಜಾತ್ರೆ. ತೇರು ಹುಣ್ಣಿಮೆಯ ಮರುದಿನಗಳಲ್ಲಿ. ಆ ವಾರ ಚಂದ್ರನ ಬೆಳಕಿಗೆ ನೀಹಾರಿಕೆ ಅಳಿಸಿಹೋಗುವುದರಿಂದ, ಕ್ಯಾಮೆರಾ ಮನೆಯಲ್ಲಿಟ್ಟು ಜಾತ್ರೆಗೆ ಹೋಗುವುದೇ ಶಾಸ್ತ್ರಸಮ್ಮತ. ಇನ್ನು ಬೇಸಿಗೆ: ಸೆನ್ಸರಿನ ಬಿಸಿ ಆರೆಂಟು ಡಿಗ್ರಿ ಏರಿದಂತೆಲ್ಲ ಅದರೊಳಗಿನ ಸುಳ್ಳು ಚುಕ್ಕಿಗಳ ಗದ್ದಲ ಇಮ್ಮಡಿಯಾಗುತ್ತದೆ. ಮೇ ತಿಂಗಳ ನಮ್ಮ ರಾತ್ರಿಯಲ್ಲಿ ಯಾವುದು ನಕ್ಷತ್ರ, ಯಾವುದು ಸೆಕೆ ಎಂದು ಬಿಡಿಸಲು ಲೆನ್ಸ್ ಮುಚ್ಚಿ ಅಷ್ಟೇ ಹೊತ್ತಿನ ಕತ್ತಲ ಫೋಟೋ ತೆಗೆದು ಕಳೆಯಬೇಕು.

ಜನ ಪ್ರಕರಣ

ರಾತ್ರಿ ಟ್ರೈಪಾಡಿನ ಬಳಿ ಬಂದು ವಿಚಾರಿಸುವವರು ಮೂರು ಪಂಗಡ. ನಿಧಿ ಅಗೆಯುವವರೆಂದು ತಿಳಿಯುವವರು. ಇವರು ಹಳೆಯ ಗುಡಿಯಿದ್ದ ಕಡೆ ಹೆಚ್ಚು, ಕೈಯಲ್ಲಿ ಬಡಿಗೆ ಇರುತ್ತದೆ. ಚಂದ್ರನನ್ನು ತೋರಿಸಿ ಎನ್ನುವವರು; ಇವರು ಅಮಾವಾಸ್ಯೆಯ ದಿನವೇ ಬರುತ್ತಾರೆ. ಮೂರನೆಯವರು ಸರ್ವೇದವರೆಂದು ತಿಳಿಯುವವರು, ಕುಷ್ಟಗಿ ಕಡೆ ಇವರದೇ ಬಹುಮತ.

'ಏನ್ರೀ ಸರ, ಜಾಗಾ ಅಳಿಯಾಕ ಬಂದೀರೇನು? ಇಲ್ಲೂ ಫ್ಯಾನ್ ಹಾಕ್ತಾರಂತಲ್ರೀ?'

'ಇಲ್ರೀ ಯಜಮಾನ್ರ, ಚುಕ್ಕಿ ಫೋಟೋ ತೆಗಿಯಾಕ ಬಂದೀವಿ.'

'ಅದಕ್ಯಾಕ್ರೀ ಈ ಹೊತ್ತಿನ್ಯಾಗ? ಹುಳಾ ಹುಪ್ಪಡಿ ಅಡ್ಡ್ಯಾಡ್ತಾವು. ಹಗಲ ಬಂದು ತಕ್ಕೊಂಡ್ ಹೋಗ್ರೀ.'

ಈ ಆಕ್ಷೇಪಕ್ಕೆ ಶಾಸ್ತ್ರದಲ್ಲಿ ಸಮಾಧಾನವಿಲ್ಲ.

ನಿರ್ಣಯ

60ಡಿಎ ಬಿಡುಗಡೆಯಾದಾಗ ಅಮೆರಿಕದಲ್ಲಿ ಬೆಲೆ 1,499 ಡಾಲರ್. ಈಗ ಕಂಪನಿ ಅದನ್ನು ಮಾಡುವುದಿಲ್ಲ, ಸೆಕೆಂಡ್ ಹ್ಯಾಂಡ್ ಹುಡುಕಬೇಕು. ಗಂಗಾವತಿಯವರು ಕೊಳ್ಳಬಾರದು, ಆ ದುಡ್ಡಿಗೆ ಸೋನಾ ಮಸೂರಿ ಒಳ್ಳೆಯದು ಬರುತ್ತದೆ. ಯಲಬುರ್ಗಾದವರು ಅನುಮತಿಪತ್ರಕ್ಕೆ ಅಲೆಯುವ ತಾಳ್ಮೆಯಿದ್ದರೆ ಕೊಳ್ಳಲಿ. ಇಲ್ಲದಿದ್ದರೆ ಹಳೆಯ ಕ್ಯಾಮೆರಾಕ್ಕೆ ಫಿಲ್ಟರ್ ತೆಗೆಸಿಕೊಂಡರೆ ಸಾಕು. ಕುಷ್ಟಗಿಯವರು ಕಣ್ಣುಮುಚ್ಚಿ ಕೊಳ್ಳಬಹುದು, ಮದುವೆ ಆರ್ಡರಿಗೆ ಬೇರೆ ಕ್ಯಾಮೆರಾ ಇಟ್ಟುಕೊಂಡು. ಕೊಪ್ಪಳದವರು ಕುಷ್ಟಗಿ ಕಡೆ ಬೀಗರಿದ್ದರೆ ಮಾತ್ರ ಕೊಳ್ಳತಕ್ಕದ್ದು. ಅದೂ ಅಮಾವಾಸ್ಯೆಗೊಮ್ಮೆ ಬಂದು ಉಳಿಯುವ ಅಳಿಯನನ್ನು ಸಹಿಸುವಂಥ ಬೀಗರು.