ಪುಣ್ಯಾತ್ಮರ ವಿಳಾಸ

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡವರ ಸಂಘವೇನಾದರೂ ಇದ್ದರೆ ಅದರಲ್ಲಿ ನೀವೂ ಇದ್ದೀರಿ ಎಂಬ ಧೈರ್ಯದ ಮೇಲೆ ಹೇಳುತ್ತಿದ್ದೇನೆ. ಶಿರಸಿಯಲ್ಲಿ ನನ್ನ ಭಾವನದ್ದು ಅಪ್ಪೆಮಿಡಿ ಉಪ್ಪಿನಕಾಯಿ ವ್ಯಾಪಾರ. 2010ರ ಸುಮಾರಿಗೆ ಅವರಿಗೊಂದು ವೆಬ್‌ಸೈಟ್ ಮಾಡಿಕೊಟ್ಟೆ. ಅಷ್ಟಕ್ಕೇ ಬಿಡಬಾರದಿತ್ತೇ? ‘ಅಂಗಡಿ’, ‘ಅಡುಗೆ’ ಎಂದು ಎರಡು ಸಬ್‌ಡೊಮೇನ್ ಹುಟ್ಟಿಸಿ, ಮೇಲಿಂದ ಗೂಗಲ್ ಅನಲಿಟಿಕ್ಸ್ ಬೇರೆ ಕೂರಿಸಿದೆ. ‘ಎಷ್ಟು ಜನ ಬಂದರು ಅಂತ ಇನ್ನು ಕೂತಲ್ಲೇ ಗೊತ್ತಾಗುತ್ತೆ ಭಾವಾ’ ಎಂದು ಕೊಚ್ಚಿಕೊಂಡೆ.

ಆಗಿನದು ಜಿಎ.ಜೆಎಸ್ ಎಂಬ ಕೋಡು. ಗಿರಾಕಿಯ ಬ್ರೌಸರಿನಲ್ಲಿ ಕುಕಿ ಇಟ್ಟು ಗುರುತು ಹಿಡಿಯುತ್ತಿತ್ತು. ಆದರೆ ಈ ಮೂರೂ ಒಂದೇ ಮನೆ ಎಂದು ‘ಸೆಟ್‌ಡೊಮೇನ್‌ನೇಮ್’ ಸಾಲು ಬರೆದು ನಾವೇ ಅದಕ್ಕೆ ತಿಳಿಸಬೇಕಿತ್ತು. ನಾನು ತಿಳಿಸಲಿಲ್ಲ. ಹೀಗಾಗಿ ಮುಖ್ಯ ಸೈಟಿನಲ್ಲಿ ಮನೆತನದ ಕಥೆ ಓದಿ, ‘ಅಡುಗೆ’ಯಲ್ಲಿ ಅಕ್ಕನ ತಂಬುಳಿ ನೋಡಿ, ಅಂಗಡಿಯಲ್ಲಿ ಒಂದು ಬಾಟಲಿ ಕೊಂಡ ಒಬ್ಬನೇ ಮನುಷ್ಯ ಮೂವರಾಗಿ ದಾಖಲಾದ. ನಾನು ಅಂಕಿ ಓದಿದೆ. ಭಾವ ‘ಅಡ್ಡಿಲ್ಲೆ ಮಾರಾಯ!’ ಎಂದು ಬೆನ್ನು ತಟ್ಟಿದರು.

ಉಬ್ಬಿಹೋದೆ. ಉಬ್ಬಿದವನು ರೆಫರಲ್ ವರದಿ ತೆರೆದೆ. ನಮಗೆ ಜನರನ್ನು ಕಳಿಸುವವರ ಪಟ್ಟಿಯ ಮೇಲ್ತುದಿಯಲ್ಲೇ ಒಂದು ಸೈಟು. ‘ಭಾವಾ, ಯಾರೋ ಪುಣ್ಯಾತ್ಮರು ದಿನವೂ ಗಿರಾಕಿಗಳನ್ನು ಅಟ್ಟುತ್ತಿದ್ದಾರೆ!’ ಎಂದು ಫೋನಿನಲ್ಲೇ ಕೂಗಿದೆ. ಭಾವನ ಮನಸ್ಸು ದೊಡ್ಡದು. ಆಗಲೇ ದೊಡ್ಡ ಬಾಟಲಿ ತೆಗೆದಿಟ್ಟು, ‘ಅವರ ವಿಳಾಸ ಹೇಳು, ಕೊರಿಯರ್ ಮಾಡ್ತೇನೆ’ ಎಂದರು. ವಿಳಾಸಕ್ಕೆಂದು ಕನ್ನಡಕ ಏರಿಸಿ ಆ ಸಾಲನ್ನು ಅಕ್ಷರ ಅಕ್ಷರ ಓದಿದೆ. ಅದು ಭಾವನದೇ ಸೈಟು! ಮುಖ್ಯ ಸೈಟಿನಿಂದ ಅಂಗಡಿಗೆ ದಾಟಿದವರನ್ನೆಲ್ಲ ಅನಲಿಟಿಕ್ಸ್ ಹೊರಗಿನಿಂದ ಬಂದ ನೆಂಟರೆಂದು ಬರೆದುಕೊಂಡಿತ್ತು. ‘ಅವರು ಉಡುಗೊರೆ ಮುಟ್ಟುವವರಲ್ಲ ಭಾವಾ’ ಎಂದು ತಿಪ್ಪೆ ಸಾರಿಸಿದೆ.

ಆ ರಾತ್ರಿಯೇ ಮೂರೂ ಕಡೆ ಡೊಮೇನ್ ಹೆಸರಿನ ಸಾಲು ಸೇರಿಸಿದೆ. (ಈಗಿನ ಜಿಎ4 ತಾನಾಗಿಯೇ ಮುಖ್ಯ ಡೊಮೇನಿನ ಮೇಲೆ ಕುಕಿ ಇಟ್ಟುಕೊಳ್ಳುತ್ತದೆ, ನನ್ನಂಥವರ ಕೈಗೆ ಹೆದರಿಯೇ ಇರಬೇಕು.) ಜನ ಸರಿಯಾದರು, ಪುಟಗಳು ಕೆಟ್ಟವು. ವರದಿಯಲ್ಲಿ ಪುಟದ ವಿಳಾಸದ ಬಾಲ ಮಾತ್ರ ಕಾಣುತ್ತಿದ್ದುದರಿಂದ ಮೂರು ಮುಖಪುಟಗಳೂ ಸೇರಿ ಒಂದೇ ಓರೆಗೆರೆಯಾಗಿ ನಿಂತಿದ್ದವು. ಅಂಗಡಿಗೆ ಬಂದವರೆಷ್ಟು, ತಂಬುಳಿಗೆ ಬಂದವರೆಷ್ಟು, ಆ ಗೆರೆಯನ್ನೇ ಕೇಳಬೇಕು.

ಹೋಸ್ಟ್‌ನೇಮನ್ನು ಆ ಬಾಲದ ಮುಂದೆ ಅಂಟಿಸುವ ಫಿಲ್ಟರ್ ಒಂದು ಹಾಕಿದ್ದರೆ ಮುಗಿಯುತ್ತಿತ್ತು. ಬುದ್ಧಿವಂತ ನೋಡಿ, ನಾನು ಎರಡು ‘ಇನ್‌ಕ್ಲೂಡ್’ ಫಿಲ್ಟರ್ ಹಾಕಿದೆ: ಅಂಗಡಿಯವರನ್ನು ಸೇರಿಸು, ಅಡುಗೆಯವರನ್ನು ಸೇರಿಸು. ಆಗಿನ ಫಿಲ್ಟರ್‌ಗಳು ಒಂದಾದ ಮೇಲೊಂದು ಜರಡಿ ಹಿಡಿಯುತ್ತಿದ್ದವು. ಮೊದಲನೆಯದು ಅಂಗಡಿಯಲ್ಲಿದ್ದವರನ್ನಷ್ಟೇ ಒಳಗೆ ಬಿಟ್ಟಿತು. ಎರಡನೆಯದು ಅವರಲ್ಲಿ ಅಡುಗೆಯಲ್ಲೂ ಇರುವವರನ್ನು ಹುಡುಕಿತು. ಏಕಕಾಲಕ್ಕೆ ಎರಡೂ ಕಡೆ ಇರಲು ಗಿರಾಕಿಯೇನು ದೇವರೇ? ಲೆಕ್ಕ ಸೊನ್ನೆ. ಅದೂ ನಮಗಿದ್ದ ಒಂದೇ ಒಂದು ಪ್ರೊಫೈಲಿನಲ್ಲಿ. ಸೋಸಿ ಚೆಲ್ಲಿದ ಅಂಕಿ ಮತ್ತೆ ಬಾರದು. ಅಪ್ಪೆಮಿಡಿಯ ಭರ್ತಿ ಸೀಸನ್ನಿನಲ್ಲಿ ಗ್ರಾಫು ನೆಲ ಹಿಡಿದು ಮಲಗಿತ್ತು.

ಭಾವ ಪರದೆಯನ್ನೇ ನೋಡುತ್ತ ನಿಂತರು. ಆಮೇಲೆ ತೀರಾ ಮೆಲ್ಲಗೆ ಕೇಳಿದರು: ‘ಬಾಟಲಿ ಕಳಿಸಲಿಲ್ಲ ಅಂತ ಆ ಪುಣ್ಯಾತ್ಮರು ಬೇಜಾರು ಮಾಡಿಕೊಂಡರೇನೋ?’